ಗುರುತಾಗುವ ತನಕ ಪುಕ್ಕಟೆ ಬರೆಯಬೇಕೆ?

ಕನ್ನಡ ಬರೆಯುವವರಿಗೆ ಇಂದು ಕೆಲಸವೇ ಇಲ್ಲ ಅನ್ನುವಂತಿಲ್ಲ. ಬ್ಯಾಂಕಿನ ಆ್ಯಪ್‌ಗೆ ಕನ್ನಡ ಬೇಕು, ಧಾರಾವಾಹಿಗೆ ಸಂಭಾಷಣೆ ಬೇಕು. ಡಬ್ಬಿಂಗ್‌ಗೆ, ಆಡಿಯೋ ಪುಸ್ತಕಕ್ಕೆ, ಬೀಜದ ಕಂಪನಿಯ ಕರಪತ್ರಕ್ಕೆ, ಸಹಕಾರಿ ಸಂಘದ ವಾರ್ಷಿಕ ವರದಿಗೆ ಬರೆಯುವ ಕೈ ಬೇಕು. ಆದರೆ ಸಂಬಳದ ಆಸರೆ ಇಲ್ಲದೆ, ಬಿಡಿ ಕೆಲಸಗಳನ್ನೇ ನಂಬಿ ಹೊರಟ ಹೊಸ ಫ್ರೀಲಾನ್ಸ್ ಬರಹಗಾರರಿಗೆ ಮೊದಲು ಎದುರಾಗುವ ಮಾತು ಒಂದೇ: ‘ಇದೊಂದು ಬರೆದುಕೊಡಿ, ಮುಂದೆ ನೋಡೋಣ.’ ಆ ‘ಇದೊಂದು’ ಪುಕ್ಕಟೆ. ಒಪ್ಪಿಕೊಳ್ಳಬೇಕೆ? ಬರಹದಿಂದಲೇ ಮನೆ ನಡೆಸುತ್ತಿರುವ ಇಬ್ಬರು ಇಲ್ಲಿ ವಾದ ಮಂಡಿಸಿದ್ದಾರೆ. ಒಬ್ಬರು ಗದಗ ಕಡೆಯವರು; ಸ್ಮರಣ ಸಂಚಿಕೆ, ಜೀವನ ಚರಿತ್ರೆ, ಡಬ್ಬಿಂಗ್ ಸಂಭಾಷಣೆ ಬರೆಯುತ್ತಾರೆ. ಇನ್ನೊಬ್ಬರು ಮೈಸೂರಿನ ಅನುವಾದಕಿ.

ಪರ

ಬರೆದುಕೊಡಿ ಅನ್ನುತ್ತೇನೆ. ಎಲ್ಲರಿಗೂ ಅಲ್ಲ, ಸದಾಕಾಲವೂ ಅಲ್ಲ. ಆದರೆ ಶುರುವಿಗೆ ಬರೆದುಕೊಡಲೇಬೇಕು.

ಕನ್ನಡದ ಕೆಲಸದಲ್ಲಿ ದುಡ್ಡು ಕೊಡುವವರ ಪೈಕಿ ಬಹಳ ಮಂದಿಗೆ ಕನ್ನಡ ಓದಲು ಬರುವುದಿಲ್ಲ. ಮುಂಬೈಯಲ್ಲೋ ಗುರುಗ್ರಾಮದಲ್ಲೋ ಕೂತ ಏಜೆನ್ಸಿಯವರು ಹತ್ತು ಭಾಷೆಗಳ ಕೆಲಸವನ್ನು ಒಂದೇ ಕೈಯಲ್ಲಿ ಹಂಚುತ್ತಾರೆ. ನಿಮ್ಮ ವಾಕ್ಯ ನಯವೋ ಒರಟೋ ಅವರಿಗೆ ತಿಳಿಯದು. ಅವರು ನೋಡುವುದು ಎರಡೇ: ಇವರು ಬರೆದದ್ದು ಎಲ್ಲಾದರೂ ಅಚ್ಚಾಗಿದೆಯೇ, ಇವರ ಬಗ್ಗೆ ಒಳ್ಳೆಯ ಮಾತಾಡುವವರು ಯಾರಾದರೂ ಇದ್ದಾರೆಯೇ. ಎರಡೂ ಇಲ್ಲದವರ ಮೇಲ್ ತೆರೆಯುವುದೇ ಇಲ್ಲ.

ನಮ್ಮ ಸೀಮೆಯಲ್ಲಿ ಈ ಎರಡನ್ನೂ ಗಳಿಸಲು ಒಂದು ದಾರಿ ಇದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದು. ಅದನ್ನು ನೋಡಿ ಸುತ್ತಮುತ್ತ ಹುಟ್ಟಿದ ಸಂಘಗಳಿಗೆ ಒಂದೊಂದಾಗಿ ನೂರು ತುಂಬುತ್ತಿದೆ. ನೂರು ತುಂಬಿದರೆ ಸಮಾರಂಭ, ಸಮಾರಂಭವೆಂದರೆ ಸ್ಮರಣ ಸಂಚಿಕೆ. ನನಗೆ ಗೊತ್ತಿರುವ ಹುಡುಗನೊಬ್ಬ ಅಂಥದೊಂದು ಸಂಘದ ಇತಿಹಾಸವನ್ನು ಕಾಸು ಕೇಳದೆ ಬರೆದುಕೊಟ್ಟ. ಧೂಳು ಹಿಡಿದ ಠರಾವು ಪುಸ್ತಕಗಳ ಮುಂದೆ ಕೂತ. ಮೋಡಿ ಅಕ್ಷರದ ಪುಟಗಳು ಬಂದಾಗ, ಅವನ್ನು ಓದಬಲ್ಲ ಹಿರಿಯರೊಬ್ಬರ ಮನೆಗೆ ಪುಸ್ತಕ ಹೊತ್ತು ನಡೆದ. ಬರಗಾಲದ ಒಂದು ವರ್ಷ ಸಾಲ ತೀರಿಸಲಾಗದವರ ಹೆಸರುಗಳನ್ನು ಸಭೆಯಲ್ಲಿ ಓದಿ ಹೇಳುವುದು ಬೇಡ ಎಂದು ಸದಸ್ಯರು ಮಾಡಿದ್ದ ಠರಾವು ಅವನಿಗೆ ಅಲ್ಲಿ ಸಿಕ್ಕಿತು. ಸಂಚಿಕೆ ಬಂದ ಮೇಲೆ ಊರವರು ಮಾತಾಡಿದ್ದೆಲ್ಲ ಆ ಒಂದು ಪುಟದ ಬಗ್ಗೆಯೇ. ಸಂಘದ ನಿರ್ದೇಶಕರೊಬ್ಬರು ತಮ್ಮ ತಂದೆಯ ಜೀವನ ಚರಿತ್ರೆ ಬರೆಸಿದರು, ದುಡ್ಡು ಕೊಟ್ಟು. ಆಮೇಲೆ ಪಕ್ಕದ ತಾಲ್ಲೂಕಿನ ಸಂಘ, ಆಮೇಲೆ ಒಂದು ಶಾಲೆಯ ಸುವರ್ಣ ಮಹೋತ್ಸವ. ಈಗ ಅವನ ಮೇಜಿನ ಮೇಲೆ ವರ್ಷವಿಡೀ ಒಂದಲ್ಲ ಒಂದು ಪುಸ್ತಕ ಇರುತ್ತದೆ. ಮೊದಲ ದಿನವೇ ದರ ಹೇಳಿದ್ದರೆ ಸಮಿತಿಯವರು ಊರ ಮಾಸ್ತರರಿಂದ ನಾಲ್ಕು ಪುಟ ಬರೆಸಿ ಮುಗಿಸುತ್ತಿದ್ದರು. ಆ ಠರಾವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಡಬ್ಬಿಂಗ್ ಕತೆ ಬೇರೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಹಿಂದಿಯ ‘ಮಹಾಭಾರತ’ ನಮ್ಮ ಮನೆಗಳಲ್ಲಿ ಕನ್ನಡ ಮಾತಾಡಿತು, ಜನ ಕೂತು ನೋಡಿದರು. ಆದರೆ ಈ ಕಸುಬನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ತೆರೆಯ ಮೇಲೆ ಪಾತ್ರದ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಯಾವುದಾದರೊಂದು ಬಂದು ಕೂರಬೇಕು. ಮಾತು ಮುಗಿದಾಗ ಬಾಯಿ ತೆರೆದೇ ಇದ್ದರೆ ನಮ್ಮ ಕೊನೆಯ ಅಕ್ಷರವೂ ತೆರೆದ ಸ್ವರವಾಗಬೇಕು. ಅರ್ಥ ಸರಿ ಇದ್ದರೂ ಅರ್ಧ ಸೆಕೆಂಡ್ ಉದ್ದವಾದರೆ ವಾಕ್ಯವನ್ನು ಮುರಿದು ಮತ್ತೆ ಕಟ್ಟಬೇಕು. ಹಿರಿಯರ ಪಕ್ಕದಲ್ಲಿ ಕೂತು, ಒಂದೆರಡು ದೃಶ್ಯ ಬರೆದು, ಅವರಿಂದ ತಿದ್ದಿಸಿಕೊಂಡೇ ಇದು ಕೈಗೆ ಹತ್ತುವುದು. ನನಗೆ ಹೇಳಿಕೊಟ್ಟವರು ಫೀಸು ಕೇಳಲಿಲ್ಲ. ನಾನು ಆ ದೃಶ್ಯಗಳಿಗೆ ಸಂಭಾವನೆ ಕೇಳುವುದು ಯಾವ ಬಾಯಿಂದ?

ಹಳಬರೂ ಹೀಗೇ ನಡೆದವರು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿದರು. ಬೇಡಿಕೆ ಬರಲಿ, ಆಮೇಲೆ ದುಡಿಯುತ್ತೇನೆ ಎಂದು ಕೂರಲಿಲ್ಲ. 1960ರ ದಶಕದಲ್ಲಿ ಧಾರವಾಡದಿಂದ ಹೊರಟ ‘ಸಂಕ್ರಮಣ’ದಂಥ ಸಣ್ಣ ಪತ್ರಿಕೆಗಳಲ್ಲಿ ಸಂಭಾವನೆಯ ಆಸೆಯಿಂದ ಬರೆದವರು ಯಾರು? ಆದರೂ ಅಲ್ಲಿ ಬರೆದವರನ್ನು ಕನ್ನಡ ನಾಡು ಗುರುತಿಸಿತು.

ವಿರೋಧ

ಬರೆದುಕೊಡಬೇಡಿ.

ಗಳಗನಾಥರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಪುಸ್ತಕ ಹೊತ್ತು ತಿರುಗಿದ್ದು ನಿಜ. ತಿರುಗಿದ್ದು ಹಂಚಲು ಅಲ್ಲ, ಮಾರಲು. ಓದುವ ಕೈಯಿಂದಲೇ ಬೆಲೆ ಪಡೆದ ಆ ಹಿರಿಯರನ್ನು ಪುಕ್ಕಟೆ ಬರಹದ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಪುಕ್ಕಟೆ ಬರೆಸಿಕೊಂಡವರು ನಾಳೆ ದುಡ್ಡು ಕೊಡುವ ಗಿರಾಕಿಯಾಗುತ್ತಾರೆ ಎಂಬ ಭರವಸೆಯ ಮೇಲೆ ಆ ಕಡೆಯ ವಾದವೆಲ್ಲ ನಿಂತಿದೆ. ನಾನು ಕಂಡಂತೆ ಅದು ಅಪರೂಪ. ಅವರ ಮನಸ್ಸಿನಲ್ಲಿ ನೀವು ಕಾಸಿಲ್ಲದೆ ಸಿಗುವವರೆಂದೇ ಅಚ್ಚಾಗಿರುತ್ತೀರಿ. ನೀವು ದರ ಹೇಳಿದ ದಿನ ಅವರು ಇನ್ನೊಬ್ಬ ಹೊಸಬರನ್ನು ಹುಡುಕಿಕೊಂಡು ಹೋಗಿ, ಅವರಿಗೂ ‘ಇದೊಂದು ಬರೆದುಕೊಡಿ’ ಎನ್ನುತ್ತಾರೆ. ಆ ಗದಗದ ಹುಡುಗನಿಗೆ ಕೆಲಸ ಕೊಟ್ಟ ನಿರ್ದೇಶಕರನ್ನು ನೋಡಿ: ದುಡ್ಡು ಕೊಟ್ಟವರು ಅವರು. ಸಂಘ ಕೊಡಲಿಲ್ಲ.

ಅನುವಾದದ ಲೋಕದಲ್ಲಿ ಈ ಪುಕ್ಕಟೆಗೆ ‘ಟೆಸ್ಟ್’ ಎಂದು ಹೆಸರು. ಇನ್ನೂರೈವತ್ತು, ಮುನ್ನೂರು ಪದದ ಟೆಸ್ಟ್ ಆದರೆ ನಾನೂ ಮಾಡುತ್ತೇನೆ. ಕೈ ಹೇಗಿದೆ ಎಂದು ನೋಡಲು ಅಷ್ಟು ಸಾಕು. ಆದರೆ ಒಂದು ಏಜೆನ್ಸಿಯಿಂದ ನನಗೆ ಬಂದ ಟೆಸ್ಟ್ ಯಾವುದೋ ಕಡತದ ನಡುವಿನಿಂದ ಶುರುವಾಗಿ, ಹತ್ತಾರು ಪುಟ ಓಡಿ, ಮತ್ತೆ ನಡುವಿನಲ್ಲೇ ನಿಂತಿತ್ತು. ಅದೇ ವಾರ ಶಿವಮೊಗ್ಗದ ಗೆಳತಿಯೊಬ್ಬಳು ಒಂದು ಪಾರಿಭಾಷಿಕ ಪದಕ್ಕೆ ಸಲಹೆ ಕೇಳಲು ಫೋನ್ ಮಾಡಿದಳು. ಅವಳ ಟೆಸ್ಟ್ ನನ್ನದು ನಿಂತ ಪುಟದಿಂದ ಶುರುವಾಗಿತ್ತು. ಇಡೀ ಕೈಪಿಡಿಯನ್ನು ತುಂಡು ತುಂಡು ಮಾಡಿ ಟೆಸ್ಟ್ ಎಂದು ಹಂಚಿದ್ದರು. ನಾವಿಬ್ಬರೂ ಮಾಡಿಕೊಡಲಿಲ್ಲ. ಉಳಿದ ತುಂಡುಗಳನ್ನು ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿಕೊಟ್ಟಿರುತ್ತಾರೆ, ಆಸೆಯಿಂದ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪುಕ್ಕಟೆಯಿಂದ ಶುರು ಮಾಡಿದವರಿಗೆ ಲೆಕ್ಕ ಕೇಳುವ ರೂಢಿ ಬರುವುದಿಲ್ಲ. ಅದು ದೊಡ್ಡ ನಷ್ಟ. ಇಂಗ್ಲಿಷಿನ ಸಾವಿರ ಪದ ಕನ್ನಡಕ್ಕೆ ಬಂದಾಗ ಸುಮಾರು ಏಳುನೂರಕ್ಕೆ ಇಳಿಯುತ್ತದೆ. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ನಮ್ಮಲ್ಲಿ ಪದದ ಬಾಲಕ್ಕೇ ಅಂಟಿಕೊಳ್ಳುತ್ತವಲ್ಲ. ಪದಕ್ಕೆ ಒಂದು ರೂಪಾಯಿ ಎಂದು ಮಾತಾಗಿದೆ ಎಂದುಕೊಳ್ಳಿ. ಮೂಲದ ಪದ ಎಣಿಸುತ್ತೀರೋ ಕನ್ನಡದ ಪದ ಎಣಿಸುತ್ತೀರೋ ಎಂದು ಮೊದಲೇ ಕೇಳದಿದ್ದರೆ ಸಾವಿರಕ್ಕೆ ಮುನ್ನೂರು ರೂಪಾಯಿ ಕೈಬಿಟ್ಟಂತೆ. ತಿದ್ದುಪಡಿ ಎಷ್ಟು ಸಲ, ಅಕ್ಷರ ಯೂನಿಕೋಡ್‌ನಲ್ಲೋ ಹಳೆಯ ‘ನುಡಿ’ ಫಾಂಟ್‌ನಲ್ಲೋ, ಮುಂಗಡ ಎಷ್ಟು ಎಂಬುದನ್ನೆಲ್ಲ ಬಾಯಿಬಿಟ್ಟು ಕೇಳುವುದೇ ಈ ಕಸುಬಿನ ಅರ್ಧ ಭಾಗ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಗಿರಾಕಿ ಖಾಯಂ ಆಗಿ ಉಳಿದದ್ದನ್ನು ನಾನು ನೋಡಿಲ್ಲ.

ಪುಕ್ಕಟೆ ಬರೆಯುವುದು ಯಾರಿಂದ ಸಾಧ್ಯ ಎಂದೂ ಕೇಳಬೇಕು. ತಿಂಗಳ ಕೊನೆಗೆ ಬೇರೆ ಕಡೆಯಿಂದ ಸಂಬಳ ಬರುವವರಿಂದ. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದರು, ಕುವೆಂಪು ಪ್ರಾಧ್ಯಾಪಕರಾಗಿದ್ದರು. ಅವರ ಬರಹ ಅವರ ಮನೆಯ ಒಲೆ ಉರಿಸಬೇಕಿರಲಿಲ್ಲ. ಬರಹಕ್ಕೆ ದುಡ್ಡು ಕೇಳುವುದು ಸಣ್ಣತನ ಎಂಬ ಸಂಕೋಚ ನಮ್ಮಲ್ಲಿ ಬೆಳೆದದ್ದು ಇಂಥ ದೊಡ್ಡವರನ್ನು ನೋಡಿ ಎಂದು ನನ್ನ ಎಣಿಕೆ. ಅನಕೃ, ತರಾಸು, ನಿರಂಜನ ಬೇರೆ ದಾರಿ ಹಿಡಿದರು, ಬರಹವನ್ನೇ ಜೀವನೋಪಾಯ ಮಾಡಿಕೊಂಡರು. ಅನಕೃ ಅವರ ನೂರಕ್ಕೂ ಹೆಚ್ಚು ಕಾದಂಬರಿಗಳ ಹಿಂದೆ ಪ್ರತಿಭೆಯಷ್ಟೇ ಸಂಸಾರದ ಭಾರವೂ ಇತ್ತು. ಪುಕ್ಕಟೆ ಬರೆಯುವುದೇ ಪ್ರವೇಶದ ಬಾಗಿಲಾದರೆ, ಬಾಡಿಗೆ ಕಟ್ಟಬೇಕಾದ ಹುಡುಗಿ, ಊರಿಗೆ ದುಡ್ಡು ಕಳಿಸಬೇಕಾದ ಹುಡುಗ ಆ ಬಾಗಿಲಲ್ಲೇ ನಿಲ್ಲುತ್ತಾರೆ. ಕನ್ನಡ ಕಳೆದುಕೊಳ್ಳುವುದು ಅವರನ್ನು.

ಹಾಗಾದರೆ ಕೈ ಹೇಗಿದೆ ಎಂದು ತೋರಿಸುವುದು ಹೇಗೆ? ಮಾದರಿಯನ್ನು ನೀವೇ ಮಾಡಿ, ಯಾರಿಗೂ ಕೊಡಬೇಡಿ. ಯಾವುದಾದರೂ ಸಹಕಾರಿ ಸಂಘದ ವಾರ್ಷಿಕ ವರದಿ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ‘ಸನ್ಮಾನ್ಯ ಸದಸ್ಯ ಬಾಂಧವರೇ’ ಎಂದು ಶುರುವಾಗಿ ಸ್ವಾಗತ, ವಂದನೆ, ಅಗಲಿದವರಿಗೆ ಶ್ರದ್ಧಾಂಜಲಿ. ಈ ವರ್ಷ ಡಿವಿಡೆಂಡ್ ಎಷ್ಟು, ಯಾವಾಗ ಖಾತೆಗೆ ಬೀಳುತ್ತದೆ ಎಂದು ನೋಡಲು ಸದಸ್ಯರು ಕೊನೆಯ ಕೋಷ್ಟಕಗಳ ತನಕ ಪುಟ ತಿರುವಬೇಕು. ಅದನ್ನು ಒಂದೇ ಪುಟಕ್ಕೆ ಹೊಸದಾಗಿ ಬರೆಯಿರಿ: ಮೊದಲ ಸಾಲಿನಲ್ಲಿ ಡಿವಿಡೆಂಡ್, ಎರಡನೆಯದರಲ್ಲಿ ದಿನಾಂಕ, ಮೂರನೆಯದರಲ್ಲಿ ಸಾಲದ ಬಡ್ಡಿ ಏರಿತೋ ಇಳಿಯಿತೋ. ಹಳೆಯದನ್ನೂ ಹೊಸದನ್ನೂ ಎದುರುಬದುರು ಅಚ್ಚು ಹಾಕಿಸಿ ಮುದ್ರಣಾಲಯದ ಮಾಲೀಕರಿಗೆ ತೋರಿಸಿ. ಊರಿನಲ್ಲಿ ಯಾರು ಏನು ಅಚ್ಚು ಮಾಡಿಸುತ್ತಾರೆ ಎಂದು ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ನನ್ನ ಖಾಯಂ ಗಿರಾಕಿಗಳಲ್ಲಿ ಬಹಳಷ್ಟು ಜನ ಬಂದದ್ದು ಒಬ್ಬ ಮುದ್ರಕರ ಮೂಲಕ.

ಹೋಗುವುದಕ್ಕೂ ಕಾಲ ಇದೆ. ಸಂಘಗಳ ಮಹಾಸಭೆ ಸೆಪ್ಟೆಂಬರ್‌ನಲ್ಲಿ, ಹಾಗಾಗಿ ಜೂನ್, ಜುಲೈನಲ್ಲೇ ಹೋಗಿ ಮಾತಾಡಬೇಕು. ದೀಪಾವಳಿ ವಿಶೇಷಾಂಕದ ಜಾಹೀರಾತು ಬರಹ ಮಳೆಗಾಲದಲ್ಲೇ ನಿಗದಿಯಾಗುತ್ತದೆ. ನವೆಂಬರ್ ಬಂದರೆ ರಾಜ್ಯೋತ್ಸವದ ಸಂಚಿಕೆಗಳು, ಬೆಂಗಳೂರಿನ ಕಂಪನಿಗಳ ಕನ್ನಡ ಸಂಘಗಳದ್ದೂ ಸೇರಿ. ಈ ಪಂಚಾಂಗ ತಿಳಿದರೆ ಕೆಲಸವಿಲ್ಲದ ತಿಂಗಳುಗಳು ಕಡಿಮೆಯಾಗುತ್ತವೆ.

ಕಾಯ್ದೆಯೂ ಬೆನ್ನಿಗಿದೆ, ಬಿಲ್ ಬರೆಯುವವರ ಬೆನ್ನಿಗೆ ಮಾತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಸರ್ಕಾರಿ ಕೆಲಸ ಬಿಟ್ಟರೆ, ನೌಕರಿಯಲ್ಲಿಲ್ಲದೆ ಬರೆದ ಬರಹದ ಮೊದಲ ಹಕ್ಕು ಬರೆದವರದ್ದು; ಬರವಣಿಗೆಯಲ್ಲಿ ಸಹಿ ಮಾಡಿ ಕೊಟ್ಟರಷ್ಟೇ ಅದು ಇನ್ನೊಬ್ಬರಿಗೆ ಹೋಗುತ್ತದೆ. ಎಷ್ಟು ಕಾಲಕ್ಕೆ ಎಂದು ಆ ಪತ್ರದಲ್ಲಿ ಇಲ್ಲದಿದ್ದರೆ 5 ವರ್ಷಕ್ಕೆ ಎಂದೇ ಅರ್ಥ. ಉದ್ಯಮ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿಕೊಂಡರೆ ಒಬ್ಬಂಟಿ ಬರಹಗಾರರೂ ಕಿರು ಉದ್ಯಮ. ಆಗ 2006ರ ಎಂಎಸ್‌ಎಂಇ ಕಾಯ್ದೆಯಂತೆ 45 ದಿನ ಮೀರಿ ನಿಮ್ಮ ಹಣ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು, ಅದೂ ತಿಂಗಳ ಚಕ್ರಬಡ್ಡಿ. ನಾನು ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕಲು ಶುರು ಮಾಡಿದ ಮೇಲೆ ‘ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ’ ಎಂಬ ಉತ್ತರ ಬರುವುದು ಕಡಿಮೆಯಾಗಿದೆ.

ಪರ, ಮತ್ತೆ

ಮೇಡಂ ಹೇಳಿದ ಮಾದರಿ ಪುಟ ನನಗೆ ಹಿಡಿಸಿತು. ಗಳಗನಾಥರ ವಿಷಯದಲ್ಲೂ ಅವರ ಮಾತು ಸರಿ. ಆದರೆ ಮೈಸೂರಿನಲ್ಲಿ ಮುದ್ರಣಾಲಯಕ್ಕೆ ಹೋಗಿ ‘ನಾನು ಬರಹಗಾರ್ತಿ’ ಎಂದರೆ ಕುರ್ಚಿ ತೋರಿಸುತ್ತಾರೆ. ರೋಣದಲ್ಲಿ, ಮುಂಡರಗಿಯಲ್ಲಿ ಹಾಗೆ ಹೋದರೆ ‘ಯಾರ ಮಗನಪ್ಪ?’ ಎಂದು ಮೊದಲು ಕೇಳುತ್ತಾರೆ. ಉತ್ತರ ಅವರಿಗೆ ಗುರುತಿನ ಮನೆಯದಾದರೆ ಮಾತು ಮುಂದುವರಿಯುತ್ತದೆ. ಅಂಥ ಮನೆಯಿಂದ ಬಾರದ ಹುಡುಗನಿಗೆ ಒಂದು ಸ್ಮರಣ ಸಂಚಿಕೆಯೇ ಮನೆತನ. ‘ಆ ಸಂಘದ ಇತಿಹಾಸ ಬರೆದವನು’ ಎಂದರೆ ಸಾಕು, ಯಾರ ಮಗ ಎಂಬ ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೆ ಅವನು ಒಂದು ಸಲ ಕೊಟ್ಟ ದುಡಿಮೆ ದುಬಾರಿ ಎಂದು ನನಗೆ ಅನ್ನಿಸುವುದಿಲ್ಲ. ಲಾಭಕ್ಕೆ ದುಡಿಯುವ ಕಂಪನಿಗೆ ಒಂದು ಸಾಲೂ ಪುಕ್ಕಟೆ ಬೇಡ. ಅಲ್ಲಿ ನಾವಿಬ್ಬರೂ ಒಂದೇ ಕಡೆ. ನಾನು ವಾದಿಸುತ್ತಿರುವುದು ಊರಿನ ಸಂಸ್ಥೆಗಳ ಪರವಾಗಿ.

ವಿರೋಧ, ಮತ್ತೆ

‘ಯಾರ ಮಗ’ ಎಂಬ ಪ್ರಶ್ನೆಯ ನೋವು ನನಗೆ ಗೊತ್ತು ಸರ್. ‘ಯಾರ ಹೆಂಡತಿ’ ಎಂದು ಕೇಳಿದವರನ್ನೂ ನೋಡಿದ್ದೇನೆ. ಆದರೂ ಊರಿನ ಸಂಸ್ಥೆಯ ಲೆಕ್ಕವನ್ನೇ ಒಮ್ಮೆ ತೆರೆದು ನೋಡೋಣ. ಶತಮಾನೋತ್ಸವ ಸಮಿತಿಯ ಖರ್ಚಿನ ಪಟ್ಟಿಯಲ್ಲಿ ಕಾಗದಕ್ಕೆ ಇಷ್ಟು, ಮುದ್ರಣಕ್ಕೆ ಇಷ್ಟು, ಶಾಮಿಯಾನ, ಅಡುಗೆಯವರು, ಫೋಟೋದವರು, ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲಕ್ಕೂ ಇಷ್ಟಿಷ್ಟು ಎಂದು ಇರುತ್ತದೆ. ಸಂಚಿಕೆಗೆ ಜಾಹೀರಾತು ಹಿಡಿದು ದುಡ್ಡೂ ಕೂಡಿಸಿರುತ್ತಾರೆ. ಬರೆಯುವವರ ಹೆಸರಿನಲ್ಲಿ ಮಾತ್ರ ಸಾಲೇ ಇರುವುದಿಲ್ಲ. ಮೋಡಿ ಅಕ್ಷರ ಓದಿಸಲು ಊರೆಲ್ಲ ನಡೆದ ಹುಡುಗನಿಗೆ ಕಡೇಪಕ್ಷ ಬಸ್ಸಿನ ಖರ್ಚಾದರೂ ಆ ಪಟ್ಟಿಯಲ್ಲಿ ಇರಬೇಕಿತ್ತು. ಹೊಸಬರು ಕೇಳಬೇಕಾದದ್ದು ಅದನ್ನೇ: ‘ಪಟ್ಟಿಯಲ್ಲಿ ಬರವಣಿಗೆಗೆ ಒಂದು ಸಾಲು ಸೇರಿಸಿ, ಮೊತ್ತ ನೀವೇ ಹೇಳಿ.’ ಸಮಿತಿಯ ಮೊದಲ ಸಭೆಗೆ ಮುಂಚೆಯೇ ಕಾರ್ಯದರ್ಶಿಗಳನ್ನು ಮನೆಯಲ್ಲಿ ಕಂಡು ಕೇಳಬೇಕು, ಖರ್ಚಿಗೆ ಮಂಜೂರಾತಿ ಆದ ಮೇಲೆ ಅವರಿಗೂ ಕೈ ಕಟ್ಟಿದಂತಾಗುತ್ತದೆ.