ಕೆರೆಯ ಹೂಳು: ‘ಸುರಕ್ಷಿತ’ ಎನ್ನುವ ಮುನ್ನ

ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ಬೆಂಕಿ ಕಾಣಿಸಿಕೊಂಡಿತು. 2017 ಹಾಗೂ 2018ರಲ್ಲೂ ಅದೇ ದೃಶ್ಯ ಮರುಕಳಿಸಿತು. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ರೂ. ತೆಗೆದಿರಿಸುವಂತೆ ರಾಜ್ಯ ಸರಕಾರಕ್ಕೆ ಆದೇಶಿಸಿತು. ಹೂಳೆತ್ತುವ ಕೆಲಸವೂ ಮುಂದೆ ಆರಂಭವಾಯಿತು. ಎಷ್ಟು ಹೂಳು, ಎಷ್ಟು ವೆಚ್ಚ ಎಂಬ ಲೆಕ್ಕಾಚಾರ ನಡೆದಷ್ಟು, ಅದು ಎಂಥ ಹೂಳು ಎಂಬ ಚರ್ಚೆ ನಡೆಯಲಿಲ್ಲ.

ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ರೂಢಿ. ಆದರೆ ದಶಕಗಳ ಕಾಲ ನಗರದ ಕೊಳಚೆ ಇಳಿದ ಕೆರೆಯ ಗೋಡಿಗೂ ಆ ನಂಬಿಕೆಯನ್ನು ವಿಸ್ತರಿಸಬಹುದೇ? ಪ್ರಶ್ನೆ ಇರುವುದು ಇಲ್ಲಿಯೇ.

ಉತ್ತರ ಸುಲಭವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಜಲಮೂಲಗಳನ್ನು ‘ಎ’ಯಿಂದ ‘ಇ’ವರೆಗೆ ವರ್ಗೀಕರಿಸುವುದು ನೀರಿನ ಗುಣವನ್ನು ನೋಡಿ, ತಳದ ಹೂಳು ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಹೊರಗಿನ ಅಳತೆಗೋಲುಗಳ ಮೊರೆ ಹೋಗಬೇಕಾಗುತ್ತದೆ. ಉತ್ತರ ಅಮೆರಿಕದ ಮಾಹಿತಿಯನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಒಂದು ಮಾರ್ಗಸೂಚಿಯ ಪ್ರಕಾರ, ಒಂದು ಕಿಲೋ ಒಣ ಹೂಳಿನಲ್ಲಿ ಸೀಸ 35.8 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತಳವಾಸಿ ಜೀವಿಗಳಿಗೆ ಅಪಾಯ ವಿರಳ. 128 ಮೀರಿದರೆ ಅಪಾಯದ ಸಾಧ್ಯತೆ ಹೆಚ್ಚು. ನಡುವೆ ಇದ್ದರೆ? ಮಾರ್ಗಸೂಚಿ ಏನನ್ನೂ ಖಚಿತವಾಗಿ ಹೇಳದು. ನಮ್ಮಲ್ಲಿ 2016ರ ಘನತ್ಯಾಜ್ಯ ನಿಯಮಗಳು ಗೊಬ್ಬರದಲ್ಲಿ ಸೀಸಕ್ಕೆ ವಿಧಿಸಿದ ಮಿತಿ 100 ಮಿಲಿಗ್ರಾಂ. ಅಂದರೆ, ಒಂದು ಅಳತೆಗೋಲು ಒಪ್ಪುವ ಮಣ್ಣನ್ನು ಇನ್ನೊಂದು ಅನುಮಾನದ ಪಟ್ಟಿಯಲ್ಲಿ ಇಡುತ್ತದೆ. ಒಂದು ಇರುವುದು ಹುಳುಗಳಿಗಾಗಿ, ಇನ್ನೊಂದು ಗೊಬ್ಬರಕ್ಕಾಗಿ. ಕೆರೆಗೋಡು ಬಿದ್ದ ಹೊಲದ ಸೊಪ್ಪು ತಿನ್ನುವವರಿಗಾಗಿ ಯಾವುದೂ ರೂಪುಗೊಂಡಿಲ್ಲ.

ಮಾದರಿ ಸಂಗ್ರಹದಲ್ಲೂ ತೊಡಕಿದೆ. ಸುಮಾರು 900 ಎಕರೆಯ ಕೆರೆಯಲ್ಲಿ ಕೊಳಚೆ ಸೇರುವ ಬಾಯಿಯ ಹೂಳೇ ಬೇರೆ, ಕೋಡಿಯ ಬಳಿಯದೇ ಬೇರೆ. ಲೋಹಗಳು ಮರಳಿಗಿಂತ ನುಣುಪಾದ ಜೇಡಿಗೆ ಹೆಚ್ಚು ಅಂಟುತ್ತವೆ. ಮೇಲ್ಪದರ ಇತ್ತೀಚಿನದು, ಕೆಳಪದರ ಹಳೆಯ ಕಾಲದ್ದು. ಎಲ್ಲವನ್ನೂ ಬೆರೆಸಿ ತೆಗೆದ ಸರಾಸರಿಯು ಅತಿ ಕಲುಷಿತ ಭಾಗವನ್ನೇ ಮರೆಮಾಚಬಲ್ಲದು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಆಮ್ಲಜನಕವಿಲ್ಲದ ತಳದಲ್ಲಿ ಕ್ಯಾಡ್ಮಿಯಂ, ಸೀಸ, ಸತುಗಳು ಗಂಧಕದೊಡನೆ ಸೇರಿ ಸಲ್ಫೈಡ್ ರೂಪದಲ್ಲಿ ಬಂಧಿಯಾಗಿರುತ್ತವೆ. ಹೂಳನ್ನು ಮೇಲೆತ್ತಿ ಗಾಳಿಗೆ ಒಣಗಿಸಿದಾಗ ಆ ಬಂಧ ಸಡಿಲಗೊಳ್ಳಬಹುದು. ಹೊಲದ ಮಣ್ಣು ಕ್ಷಾರೀಯವಾಗಿದ್ದರೆ ಲೋಹಗಳು ಮತ್ತೆ ಬಂಧಿಯಾಗಲೂಬಹುದು. ಆದ್ದರಿಂದ ಕೆರೆಯಲ್ಲಿ ತೆಗೆದ ಮಾದರಿಯ ಫಲಿತಾಂಶವೊಂದೇ ಹೊಲದ ಭವಿಷ್ಯವನ್ನು ಹೇಳಲಾರದು.

ಈ ಅನಿಶ್ಚಿತತೆ ಕೈಕಟ್ಟಿ ಕೂರಲು ನೆಪವಾಗಬಾರದು. ಕಣ್ಣುಮುಚ್ಚಿ ಹೂಳು ಸಾಗಿಸಲು ಪರವಾನಗಿಯೂ ಆಗಬಾರದು. ಸ್ಥಳವಾರು, ಪದರವಾರು ಪರೀಕ್ಷೆ ನಡೆಯಲಿ. ಹೂಳಿನಿಂದ ನೀರಿಗೆ ಲೋಹ ಎಷ್ಟು ಬಸಿಯುತ್ತದೆ, ಬೆಳೆ ಎಷ್ಟು ಹೀರುತ್ತದೆ ಎಂಬುದನ್ನೂ ಅಳೆಯಲಿ. ಫಲಿತಾಂಶವನ್ನು ಒಂದೇ ಅಂಕಿಯಲ್ಲಿ ಮುಚ್ಚಿಡದೆ ಕನಿಷ್ಠ, ಗರಿಷ್ಠಗಳೊಂದಿಗೆ ಕನ್ನಡದಲ್ಲಿ ಪ್ರಕಟಿಸಲಿ. ಸಂದೇಹವಿರುವ ಹೂಳು ಸೊಪ್ಪು, ತರಕಾರಿಯ ಹೊಲದಿಂದ ದೂರವಿರಲಿ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೂ ಹರಿಯುತ್ತಿರುವುದರಿಂದ ಈ ಎಚ್ಚರ ಬೆಳ್ಳಂದೂರಿಗಷ್ಟೇ ಸೀಮಿತವಲ್ಲ.

ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಳ್ಳುವ ವರದಿಯೇ ರೈತನಿಗೆ ಹೆಚ್ಚು ಉಪಕಾರಿ. ಏಕೆಂದರೆ ಒಮ್ಮೆ ಹೊಲಕ್ಕೆ ಬಿದ್ದ ಲೋಹವನ್ನು ಯಾವ ಆದೇಶವೂ ಮರಳಿ ತೆಗೆಯಲಾರದು.