ಪ್ರೊಸೆಸರ್ ಅಂದ್ರೆ ಪಂಪ್‌ಸೆಟ್ ಅಲ್ಲ: ವೋಲ್ಟೇಜ್ ಏರಿಸುವ ಮುನ್ನ

ಹಳೇ ಕಂಪ್ಯೂಟರ್ ಸ್ಪೀಡ್ ಮಾಡುವುದು ಹೇಗೆ ಅಂತ ಮೊಬೈಲ್‌ನಲ್ಲಿ ಹುಡುಕಿ ನೋಡಿ. ಐದು ನಿಮಿಷದ ವಿಡಿಯೋಗಳು ಸಾಲುಗಟ್ಟಿ ಬರುತ್ತವೆ. ಬಯಾಸ್‌ಗೆ ಹೋಗಿ, ವೋಲ್ಟೇಜ್ 1.45 ಇಡಿ, ಸೇವ್ ಕೊಡಿ, ಅಷ್ಟೇ ಫ್ರೆಂಡ್ಸ್! ನನ್ನ ತಕರಾರು ಇರುವುದು ಆ 'ಅಷ್ಟೇ' ಮೇಲೆ.

ಯಾಕೆಂದರೆ ಆ ವಿಡಿಯೋ ಮಾಡುವವನ ಮನೆಯಲ್ಲಿ ಇನ್ನೆರಡು ಕಂಪ್ಯೂಟರ್ ಇರಬಹುದು. ನೋಡುವ ನಮ್ಮ ಹುಡುಗನ ಬಳಿ ಇರುವುದು ಒಂದೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತಂದ ಕೋರ್ 2 ಡ್ಯೂಯೊ ಪೆಟ್ಟಿಗೆ. ಅದರಲ್ಲೇ ಡಿಟಿಪಿ, ಅದರಲ್ಲೇ ಅರ್ಜಿ ತುಂಬುವುದು, ಮದುವೆ ಕಾರ್ಡು, ತಂಗಿಯ ಪ್ರಾಜೆಕ್ಟು. ಅದು ಸುಟ್ಟರೆ ಅಂಗಡಿಯ ಬಾಗಿಲು ಹಾಕಿದಂತೆ.

ಹಳ್ಳಿಯಲ್ಲಿ ಬೆಳೆದವರಿಗೆ ವೋಲ್ಟೇಜ್ ಎಂದರೆ ಮೊದಲು ನೆನಪಾಗುವುದು ಬೋರ್‌ವೆಲ್ ಮೋಟರ್. ವೋಲ್ಟೇಜ್ ಕಮ್ಮಿಯಾದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಕಾಯಿಲ್ ಸುಡುತ್ತದೆ. ಹಾಗಾಗಿ ಕಮ್ಮಿ ವೋಲ್ಟೇಜೇ ವೈರಿ, ಸ್ವಲ್ಪ ಜಾಸ್ತಿಯಾದರೆ ಪರವಾಗಿಲ್ಲ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಪ್ರೊಸೆಸರ್ ವಿಷಯದಲ್ಲಿ ಈ ಲೆಕ್ಕ ಪೂರಾ ಉಲ್ಟಾ. ವೋಲ್ಟೇಜ್ ಸಾಲದಿದ್ದರೆ ಪ್ರೊಸೆಸರ್ ಹ್ಯಾಂಗ್ ಆಗುತ್ತದೆ, ನೀಲಿ ಪರದೆ ಬರುತ್ತದೆ, ಆದರೆ ಚಿಪ್‌ಗೆ ಏನೂ ಆಗುವುದಿಲ್ಲ. ಹೆಚ್ಚಾದರೆ ಆಗುವ ಪೆಟ್ಟು ಮಾತ್ರ ವಾಪಸ್ ಬರುವಂಥದ್ದಲ್ಲ. ಒಳಗಿರುವ ತಾಮ್ರದ ತಂತಿಗಳು ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣವು. ಕರೆಂಟಿನ ರಭಸಕ್ಕೆ ಅವುಗಳ ಅಣುಗಳೇ ಜಾಗ ಬಿಟ್ಟು ಸರಿಯುತ್ತವೆ, ಟ್ರಾನ್ಸಿಸ್ಟರ್‌ನ ನಿರೋಧಕ ಪದರ ಸವೆಯುತ್ತದೆ. ಹೊಗೆ ಬರುವುದಿಲ್ಲ, ವಾಸನೆ ಬರುವುದಿಲ್ಲ. ಆರು ತಿಂಗಳ ಹಿಂದೆ ಸಲೀಸಾಗಿ ಓಡುತ್ತಿದ್ದ ಸ್ಪೀಡ್‌ಗೇ ಈಗ ಇನ್ನಷ್ಟು ವೋಲ್ಟೇಜ್ ಬೇಕೆನ್ನುತ್ತದೆ. ಅದು ಕಂಡ ದಿನ ಚಿಪ್ ಸವೆದಿದೆ ಅಂತ ಅರ್ಥ. ಆಗಲೂ 'ಇನ್ನೊಂಚೂರು ಕೊಡು' ಎನ್ನುವವರಿದ್ದಾರೆ.

ಈಗ 1.45 ಎಂಬ ಆ ಅಂಕಿಗೆ ಬರೋಣ. ಅದು ಸುಳ್ಳಲ್ಲ, ಬೇರೆಯವರದ್ದು. 2007ರಲ್ಲಿ ಬಂದ ಕೋರ್ 2 ಕ್ವಾಡ್ ಕ್ಯೂ6600 ಚಿಪ್‌ಗೆ ಇಂಟೆಲ್ ಹೇಳಿದ ವೋಲ್ಟೇಜ್ ಶ್ರೇಣಿ 0.85ರಿಂದ 1.5. ಮರುವರ್ಷ ಬಂದ ಕೋರ್ 2 ಡ್ಯೂಯೊ ಇ8400ಗೆ 0.85ರಿಂದ 1.3625. ಮೊದಲನೆಯದು 65 ನ್ಯಾನೋಮೀಟರ್‌ನದು, ಎರಡನೆಯದು 45. ಎರಡಕ್ಕೂ ಸಾಕೆಟ್ ಒಂದೇ, ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುತ್ತವೆ. ಕ್ಯೂ6600ಗೆ ಹೇಳಿದ 1.45 ಅನ್ನು ಇ8400ಗೆ ಕೊಟ್ಟರೆ, ಅದು ಇಂಟೆಲ್ ತನ್ನ ದಾಖಲೆಯಲ್ಲಿ ದಾಟಲೇಬಾರದು ಎಂದು ಬರೆದ ಕೊನೆಯ ಗೆರೆ. ಚಿಪ್‌ನ ಹೆಸರು ಹೇಳದೆ ವೋಲ್ಟೇಜ್ ಹೇಳುವವನು, ರೋಗಿಯನ್ನು ನೋಡದೆ ಮಾತ್ರೆ ಕೊಡುವವನು ಇಬ್ಬರೂ ಒಂದೇ.

ಅಷ್ಟೇ ಅಲ್ಲ, ಒಂದೇ ಮಾಡೆಲ್‌ನ ಎರಡು ಚಿಪ್‌ಗಳ ವೋಲ್ಟೇಜೂ ಒಂದೇ ಇರುವುದಿಲ್ಲ. ಕಾರ್ಖಾನೆಯಲ್ಲೇ ಪ್ರತಿಯೊಂದಕ್ಕೂ ಅದರದ್ದೇ ಅಂಕಿ ಬರೆದು ಕಳಿಸುತ್ತಾರೆ, ಅದಕ್ಕೆ ವಿಐಡಿ ಅಂತ ಹೆಸರು. 'ಕೋರ್ ಟೆಂಪ್' ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿದರೆ ಕಾಣುತ್ತದೆ. ನಿಮ್ಮ ಲೆಕ್ಕ ಶುರುವಾಗಬೇಕಿರುವುದು ಅಲ್ಲಿಂದ, ಯಾರದೋ ವಿಡಿಯೋದಿಂದ ಅಲ್ಲ.

ಬಿಸಿಯ ಮಾತಂತೂ ಈ ವಿಡಿಯೋಗಳಲ್ಲಿ ಬರುವುದೇ ಇಲ್ಲ. ಪ್ರೊಸೆಸರ್ ತಿನ್ನುವ ವಿದ್ಯುತ್ತು ಸ್ಪೀಡ್ ಏರಿದಷ್ಟೇ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 3.0 ಗಿಗಾಹರ್ಟ್ಸ್ ಇದ್ದದ್ದನ್ನು 3.6 ಮಾಡಿ, 1.2 ವೋಲ್ಟ್ ಇದ್ದದ್ದನ್ನು 1.4 ಮಾಡಿದರೆ ಸ್ಪೀಡ್ ಸಿಕ್ಕಿದ್ದು ನೂರಕ್ಕೆ 20. ಬಿಸಿ ಏರಿದ್ದು ನೂರಕ್ಕೆ 60ಕ್ಕೂ ಮೇಲೆ. ಅದನ್ನು ತಣಿಸಲು ಇರುವುದು ಅದೇ ಹಳೇ ಫ್ಯಾನ್, ಒಣಗಿ ಪುಡಿಯಾದ ಪೇಸ್ಟ್, ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸಡಿಲ. ಡಿಸೆಂಬರ್‌ನಲ್ಲಿ ಟೆಸ್ಟ್ ಮಾಡಿ 65 ಡಿಗ್ರಿ ಬಂತು ಅಂತ ಖುಷಿಪಟ್ಟರೆ, ಕೋಣೆಯೇ 40 ಡಿಗ್ರಿ ಕಾಯುವ ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಅದು 80 ಆಗುತ್ತದೆ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಗಿಂತ ತಂಪು ಮಾಡಲಾರದು.

ಚಿಪ್ ತಡೆದುಕೊಂಡರೂ ಬೋರ್ಡ್ ತಡೆಯಬೇಕಲ್ಲ. ಅಗ್ಗದ ಜಿ31 ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗಕ್ಕೆ ತಣಿಸುವ ಅಲ್ಯೂಮಿನಿಯಂ ತುಂಡು ಕೂಡ ಇರುವುದಿಲ್ಲ. ಪಕ್ಕದ ಕೆಪಾಸಿಟರ್‌ಗಳು ಹತ್ತು ಹದಿನೈದು ವರ್ಷ ದುಡಿದಿವೆ. ತಲೆ ಉಬ್ಬಿದ ಕೆಪಾಸಿಟರ್ ಒಂದೇ ಒಂದು ಕಂಡರೂ ಓವರ್‌ಕ್ಲಾಕ್ ಆಸೆ ಬಿಡಿ.

ಹಾಗಂತ 'ಬಯಾಸ್ ಮುಟ್ಟಬೇಡ, ಹೊಸದು ತಗೋ' ಎನ್ನುವ ಅಂಗಡಿಯವರ ಪರ ನಾನಿಲ್ಲ. ಅವರಿಗೆ ಮಾರಬೇಕು, ನಮಗೆ ನಡೆಸಬೇಕು. ಮುಟ್ಟಿ, ಆದರೆ ಸರದಿ ಪ್ರಕಾರ ಮುಟ್ಟಿ. ಮೊದಲು ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿ. ಬಯಾಸ್‌ನಲ್ಲಿ ವೋಲ್ಟೇಜ್ 'ಆಟೋ' ಇದ್ದರೆ ತೆಗೆದು, ನಿಮ್ಮ ಚಿಪ್‌ನ ವಿಐಡಿ ಅಂಕಿಯನ್ನೇ ಕೈಯಾರೆ ಇಡಿ. ಸ್ಪೀಡ್ ಏರಿಸಿದಾಗ ಕೆಲವು ಬೋರ್ಡ್‌ಗಳು ಹೇಳದೆ ಕೇಳದೆ ತಾವೇ ವೋಲ್ಟೇಜ್ ಏರಿಸಿಬಿಡುತ್ತವೆ. ಆಮೇಲೆ ವೋಲ್ಟೇಜ್ ಮುಟ್ಟದೆ ಸ್ಪೀಡ್ ಮಾತ್ರ ಏರಿಸಿ. ಇ8400ರಲ್ಲಿ ಬಸ್ 333, ಅದಕ್ಕೆ 9ರ ಗುಣಕ, ಒಟ್ಟು 3.0. ಬಸ್ಸನ್ನು ಐದೈದರಂತೆ 360ರ ಹತ್ತಿರ ಒಯ್ದರೆ 3.24. ಬಹಳಷ್ಟು ಚಿಪ್‌ಗಳು ಇಷ್ಟನ್ನು ಹೆಚ್ಚುವರಿ ವೋಲ್ಟೇಜ್ ಇಲ್ಲದೆಯೇ ಓಡಿಸುತ್ತವೆ. ನೆನಪಿರಲಿ, ಬಸ್ ಏರಿಸಿದರೆ ರ್‍ಯಾಮ್ ಕೂಡ ಜೊತೆಗೇ ಓಡುತ್ತದೆ. ಅದರ ಅನುಪಾತ ತಗ್ಗಿಸದೆ ಹ್ಯಾಂಗ್ ಆದರೆ ತಪ್ಪು ರ್‍ಯಾಮ್‌ನದು. ನಮ್ಮವರು ಶಿಕ್ಷೆ ಕೊಡುವುದು ಪ್ರೊಸೆಸರ್‌ಗೆ.

ಇಷ್ಟಾದ ಮೇಲೂ ನಿಲ್ಲದಿದ್ದರೆ ಮಾತ್ರ ವೋಲ್ಟೇಜ್. ಬೋರ್ಡ್ ಕೊಡುವ ಅತಿ ಸಣ್ಣ ಮೆಟ್ಟಿಲು, ಒಂದು ಸಲಕ್ಕೆ ಒಂದೇ. ಪ್ರತಿ ಮೆಟ್ಟಿಲಿಗೂ 'ಪ್ರೈಮ್95' ಹಾಕಿ ಗಂಟೆಗಟ್ಟಲೆ ಓಡಿಸಿ, ಬಿಸಿ ನೋಡಿ. ನಾನಾದರೆ 75 ದಾಟಿದರೆ ನಿಲ್ಲಿಸಿ ಒಂದು ಮೆಟ್ಟಿಲು ಇಳಿಯುತ್ತೇನೆ. ಇಂಟೆಲ್ ಹೇಳಿದ ಶ್ರೇಣಿಯ ಮೇಲಿನ ಅಂಚು ನಿಮ್ಮ ಗುರಿಯಲ್ಲ, ಬೇಲಿ. ಬಯಾಸ್‌ನಲ್ಲಿ ಇಟ್ಟ ವೋಲ್ಟೇಜ್ ಕೆಲಸದ ಹೊರೆ ಬಿದ್ದಾಗ ಸ್ವಲ್ಪ ಇಳಿದು ಕಾಣುವುದು ಸಹಜ, ಅದನ್ನು ನೋಡಿ ಗಾಬರಿಯಾಗಿ ಇನ್ನಷ್ಟು ತುಂಬಬೇಡಿ. ಪರದೆಯೇ ಬರದಿದ್ದರೆ ಕರೆಂಟ್ ತೆಗೆದು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಡಿ, ಸೆಟ್ಟಿಂಗ್ ಹಳೆಯದಕ್ಕೆ ಮರಳುತ್ತದೆ.

ಈ ಟೆಸ್ಟ್ ಮಾಡುವ ವ್ಯವಧಾನ ಯಾರಿಗೂ ಇಲ್ಲ. ವಿಂಡೋಸ್ ಓಪನ್ ಆಯ್ತಲ್ಲ, ಆಯ್ತು ಬಿಡು ಅಂತಾರೆ. ಆದರೆ ಅರೆಬರೆ ನಿಂತ ಓವರ್‌ಕ್ಲಾಕ್ ಪ್ರತಿ ಸಲವೂ ಹ್ಯಾಂಗ್ ಆಗಿ ಎಚ್ಚರಿಸುವುದಿಲ್ಲ. ಎಲ್ಲೋ ಒಂದು ಲೆಕ್ಕ ತಪ್ಪಾಗಿ, ಆ ತಪ್ಪೇ ಫೈಲ್‌ನಲ್ಲಿ ಸೇವ್ ಆಗಿ ಕೂರುತ್ತದೆ. ತಿಂಗಳ ನಂತರ ಗಿರಾಕಿ ಬಂದು ಹಳೇ ಫೈಲ್ ಕೇಳಿದಾಗ ತೆರೆಯುವುದಿಲ್ಲ. ಚಿಪ್ ಹೋದರೆ ಸೆಕೆಂಡ್ ಹ್ಯಾಂಡ್ ಇನ್ನೊಂದು ಸಿಕ್ಕೀತು, ಆ ಫೈಲ್ ಎಲ್ಲಿಂದ ತರುವುದು? ಅದಕ್ಕೇ, ಶುರು ಮಾಡುವ ಮುಂಚೆ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಡಿ.

ಇನ್ನೊಂದು ಮಾತು. ನಿಮ್ಮ ಕಂಪ್ಯೂಟರ್ ನಿಧಾನ ಇರುವುದು ಪ್ರೊಸೆಸರ್‌ನಿಂದಲೇ ಅಂತ ಹೇಳಿದವರು ಯಾರು? ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಾ ಪ್ರೊಸೆಸರ್ ಹದಿನೈದಿಪ್ಪತ್ತರಲ್ಲಿ ಆಕಳಿಸುತ್ತಿದ್ದರೆ, ನೀವು ಎಷ್ಟು ವೋಲ್ಟೇಜ್ ಸುರಿದರೂ ಕನ್ನಡ ಫಾಂಟು ಬೇಗ ತೆರೆಯುವುದಿಲ್ಲ. ಆ ಪೆಟ್ಟಿಗೆಗೆ ಬೇಕಿರುವುದು ಒಂದು ಸಣ್ಣ ಎಸ್‌ಎಸ್‌ಡಿ, ಸಾಧ್ಯವಾದರೆ ಇನ್ನೆರಡು ಜಿಬಿ ರ್‍ಯಾಮ್. ಆ ವಿಡಿಯೋದವರು ಇದನ್ನು ಮೊದಲೇ ಹೇಳಿಬಿಟ್ಟಿದ್ದರೆ ಬಯಾಸ್ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.