ನಗಿಸುವವರ ಹಾದಿ

ನಾಟಕ ನೋಡಿ ಬಂದವರು ಮರುದಿನ ಹೆಚ್ಚಾಗಿ ನೆನೆಯುವುದು ಹಾಸ್ಯಗಾರನನ್ನು. ಅವನಾಡಿದ ಮಾತನ್ನು ಮತ್ತೆ ಆಡಿ ನಗುತ್ತಾರೆ; ಅವನ ನಡಿಗೆಯನ್ನು ಅನುಕರಿಸುತ್ತಾರೆ. ಆದರೆ ನಟರ ಯೋಗ್ಯತೆಯನ್ನು ತೂಗುವ ಸಂದರ್ಭ ಬಂದಾಗ ರಾಜನ ಪಾತ್ರಧಾರಿಗೆ ಮೊದಲ ಮಣೆ ಹಾಕಿ, ಹಾಸ್ಯಗಾರನನ್ನು ಪಕ್ಕಕ್ಕೆ ಕೂರಿಸುವುದು ರೂಢಿ. ಅಳಿಸುವುದು ಕಷ್ಟ, ನಗಿಸುವುದು ಸುಲಭ ಎಂಬ ಭಾವನೆಯೇ ಇದಕ್ಕೆ ಕಾರಣ. ಊರಿಂದೂರಿಗೆ ಸಂಚರಿಸಿ ಜನರನ್ನು ನಗಿಸಿದ ಕನ್ನಡ ವೃತ್ತಿನಟರ ಬಾಳನ್ನು ಪರಿಶೀಲಿಸಿದರೆ ಈ ಭಾವನೆ ಎಷ್ಟು ತಪ್ಪೆಂಬುದು ತಿಳಿಯುತ್ತದೆ. ಅವರ ಶ್ರಮಕ್ಕೆ ಸಮಾಜ ಸಲ್ಲಿಸಿದ ಪ್ರತಿಫಲ ಎಷ್ಟು ಅಲ್ಪವೆಂಬುದೂ ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರ್ನಾಟಕದಲ್ಲಿ ವೃತ್ತಿನಾಟಕ ಮಂಡಲಿಗಳು ತಲೆಯೆತ್ತಿದವು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಸಂಘ ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಜನ ಇಂತಹ ಮಂಡಲಿಗಳನ್ನು 'ಕಂಪನಿ' ಎಂದೇ ಕರೆದರು. ಕಂಪನಿಗೆ ಒಂದೇ ಊರು ಎಂಬುದಿರಲಿಲ್ಲ. ಜಾತ್ರೆ ಸೇರುವ ಕಡೆ, ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಕಡೆ ಅದು ಬೀಡು ಬಿಡುತ್ತಿತ್ತು. ಬಿದಿರು, ಗಳು, ತಗಡುಗಳಿಂದ ರಂಗಮಂದಿರ ಏಳುತ್ತಿತ್ತು. ಜನ ಬರುವಷ್ಟು ದಿನ ಆಟ. ಬರುವುದು ಕಡಿಮೆಯಾದರೆ ಪರದೆ, ಪೆಟ್ಟಿಗೆಗಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಪಯಣ. ಮಳೆ ಹಿಡಿದರೆ ಆಟವಿಲ್ಲ. ಆಟವಿಲ್ಲದಿದ್ದರೆ ಕಂಪನಿಗೆ ಆದಾಯವೂ ಇಲ್ಲ. ಈ ಅನಿಶ್ಚಿತ ಬದುಕೇ ನಟನ ಮನೆಯಾಗಿತ್ತು, ಶಾಲೆಯೂ ಆಗಿತ್ತು.

ಈ ಶಾಲೆಗೆ ಸೇರುವವರು ಹೆಚ್ಚಾಗಿ ಎಳೆಯ ಹುಡುಗರು. ಕೆಲವರು ತಂದೆಯ ಬೆನ್ನಹಿಂದೆ ಬಂದರು. ಕೆಲವರು ಬಡತನದಿಂದ ಬಂದರು. ನಾಟಕದ ಹುಚ್ಚು ಹಿಡಿದು ಮನೆಬಿಟ್ಟು ಓಡಿಬಂದವರೂ ಉಂಟು. ಬಂದ ಕೂಡಲೇ ಯಾರಿಗೂ ದೊಡ್ಡ ಪಾತ್ರ ದೊರೆಯುತ್ತಿರಲಿಲ್ಲ. ಪರದೆ ಎಳೆಯುವುದು, ಬಣ್ಣ ಅರೆಯುವುದು, ಹಿರಿಯ ನಟರ ಉಡುಪನ್ನು ಜೋಡಿಸಿಡುವುದು, ಊರಿನಲ್ಲಿ ಕರಪತ್ರ ಹಂಚುವುದು ಮೊದಲ ಪಾಠಗಳು. ಆಮೇಲೆ ಮಾತಿಲ್ಲದ ಸೇವಕನ ಪಾತ್ರ, ಸಖಿಯರ ಗುಂಪಿನಲ್ಲಿ ಒಂದು ಸ್ಥಾನ, ಕೃಷ್ಣನದೋ ಲೋಹಿತಾಶ್ವನದೋ ಬಾಲಪಾತ್ರ. ಗಂಟಲು ಒಡೆಯುವ ವಯಸ್ಸಿನಲ್ಲಿ ಹುಡುಗನಿಗೆ ದೊಡ್ಡ ಪರೀಕ್ಷೆ ಎದುರಾಗುತ್ತಿತ್ತು. ಸ್ತ್ರೀಪಾತ್ರಕ್ಕೂ ಬಾಲಪಾತ್ರಕ್ಕೂ ಅವನು ಸಲ್ಲುತ್ತಿರಲಿಲ್ಲ. ನಾಯಕನಾಗಲು ರೂಪ, ಕಂಠ ಎರಡೂ ಬೇಕು. ಅವೆರಡೂ ಇಲ್ಲದವನಿಗೆ ಉಳಿಯುತ್ತಿದ್ದ ಬಾಗಿಲುಗಳಲ್ಲಿ ಹಾಸ್ಯವೂ ಒಂದು.

ಆ ಬಾಗಿಲು ಸುಲಭವಾಗಿ ತೆರೆಯುವಂಥದಲ್ಲ. ಕಂಪನಿ ನಾಟಕಗಳಲ್ಲಿ ಹಿಂದೆ ಅರಮನೆಯನ್ನೋ ಕಾಡನ್ನೋ ಜೋಡಿಸುವಾಗ ಮುಂದಿನ ಪರದೆಯನ್ನು ಇಳಿಬಿಟ್ಟು, ಅದರ ಎದುರು ಹಾಸ್ಯದೃಶ್ಯವನ್ನು ನಡೆಸುವ ಪದ್ಧತಿಯಿತ್ತು. ಒಳಗಿನ ಕೆಲಸ ತಡವಾದರೆ ಹಾಸ್ಯಗಾರ ಮಾತನ್ನು ಬೆಳೆಸಬೇಕು. ಬೇಗ ಮುಗಿದರೆ ಸೂಕ್ಷ್ಮವಾಗಿ ನಿಲ್ಲಿಸಬೇಕು. ಬರೆದುಕೊಟ್ಟ ಮಾತು ಮುಗಿದ ಮೇಲೂ ಜನರನ್ನು ಹಿಡಿದಿಡುವ ಹೊಣೆ ಅವನದೇ. ಧ್ವನಿವರ್ಧಕಗಳಿಲ್ಲದ ಆ ಕಾಲದಲ್ಲಿ ಮಾತು ಕಡೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಕೇಳಬೇಕಿತ್ತು. ಒಂದು ಊರಿನವರು ನಕ್ಕ ಮಾತಿಗೆ ಇನ್ನೊಂದು ಊರಿನವರು ನಗದಿರಬಹುದು. ಆದ್ದರಿಂದ ಪ್ರತಿ ಊರಿನ ಮಾತಿನ ರೀತಿಯನ್ನೂ ಸುಖದುಃಖಗಳನ್ನೂ ಅವನು ಅರಿಯಬೇಕಿತ್ತು. ಅಳುವ ದೃಶ್ಯದಲ್ಲಿ ಪ್ರೇಕ್ಷಕನು ಸೌಜನ್ಯಕ್ಕಾಗಿ ಸುಮ್ಮನೆ ಕುಳಿತಿರಬಲ್ಲ; ಸೌಜನ್ಯಕ್ಕಾಗಿ ಮನಸಾರೆ ನಗಲಾರ. ಹಾಸ್ಯನಟನ ಸೋಲು ಆ ಕ್ಷಣದಲ್ಲಿಯೇ ಬಯಲಾಗುತ್ತದೆ.

ಈ ಕಠಿಣ ಹಾದಿಯಲ್ಲಿ ನಡೆದು ಎತ್ತರಕ್ಕೇರಿದವರಲ್ಲಿ ಗುಬ್ಬಿ ವೀರಣ್ಣನವರ ಹೆಸರು ಮೊದಲು ಬರುತ್ತದೆ. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದ ಅವರು ಮುಂದೆ ಅದರ ಒಡೆಯರೇ ಆದರು. ಅವರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದವು. ಒಡೆಯರಾದವರು ಬಯಸಿದ ಪಾತ್ರವನ್ನು ಆರಿಸಿಕೊಳ್ಳಬಹುದಿತ್ತು. ಆದರೂ ಅವರು ಹಾಸ್ಯವನ್ನು ಬಿಡಲಿಲ್ಲ. 'ಸದಾರಮೆ'ಯ ಕಳ್ಳನ ಪಾತ್ರವೇ ಅವರನ್ನು ಮನೆಮಾತಾಗಿಸಿತು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷ ಅವರು ತೀರಿಕೊಂಡರು.

ಎರಡನೆಯ ಹಾದಿ ಚಲನಚಿತ್ರದ್ದು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಅವರು ಎಳವೆಯಿಂದಲೇ ನಾಟಕ ಕಂಪನಿಗಳಲ್ಲಿ ಬೆಳೆದವರು. 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ಅವರ ಹೆಸರು ನಾಡಿನಲ್ಲೆಲ್ಲ ಹರಡಿತು. ಇನ್ನೊಬ್ಬ ನಟ ಟಿ. ಎನ್. ಬಾಲಕೃಷ್ಣ ಅವರಿಗೆ ಕಿವಿ ಬಹು ಮಂದ. ಎದುರಿನವರ ತುಟಿಗಳ ಚಲನೆಯನ್ನು ಗಮನಿಸಿ ಅವರು ತಕ್ಕ ಸಮಯಕ್ಕೆ ಉತ್ತರ ಕೊಡುತ್ತಿದ್ದರು. ಹಾಸ್ಯದಲ್ಲಿ ಒಂದು ಕ್ಷಣದ ಹಿಂದುಮುಂದು ಮಾತನ್ನೇ ಕೆಡಿಸುತ್ತದೆಂಬುದನ್ನು ನೆನೆದರೆ ಆ ಸಾಧನೆಯ ಬೆಲೆ ಅರಿವಾಗುತ್ತದೆ. ಆದರೆ ಚಲನಚಿತ್ರವೂ ಯಾವಾಗಲೂ ಕೈಹಿಡಿಯುವ ಆಸರೆಯಾಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಚಿತ್ರಗಳ ಕೆಲಸ ವಿರಳವಾದಾಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಅವರು ಕಲಾವಿದರ ಸಂಘವನ್ನು ಕಟ್ಟಿ, ಮತ್ತೆ ಊರೂರಿಗೆ ನಾಟಕಗಳನ್ನು ಕೊಂಡೊಯ್ದರು. ಆ ಸಂಘವೇ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ನಿರ್ಮಿಸಿತು. ಬೆಳ್ಳಿತೆರೆಯ ನಟರು ಕಷ್ಟಕಾಲದಲ್ಲಿ ಆಶ್ರಯಿಸಿದ್ದು ತಾವು ಬಿಟ್ಟುಬಂದ ರಂಗಭೂಮಿಯನ್ನೇ ಎಂಬುದು ಗಮನಾರ್ಹ.

ಮೂರನೆಯದು ರಂಗವನ್ನೇ ನಂಬಿ ಉಳಿದವರ ಹಾದಿ. ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡಾಗ ಅವರ ಮಂಡಲಿಯ ಭಾರ ಹತ್ತೊಂಬತ್ತು ವರ್ಷದ ಮಗನ ಹೆಗಲಿಗೆ ಬಂದಿತು. ಮಾಸ್ಟರ್ ಹಿರಣ್ಣಯ್ಯ ಎಂದು ಹೆಸರಾದ ಆ ಮಗ 'ಲಂಚಾವತಾರ' ನಾಟಕವನ್ನು ಸಾವಿರಾರು ಬಾರಿ ಆಡಿದರು. ನಾಟಕ ಒಂದೇ ಆದರೂ ಮಾತು ದಿನದಿನಕ್ಕೆ ಹೊಸದು. ಆಯಾ ಕಾಲದ ಆಡಳಿತದ ಹುಳುಕುಗಳು ಅಂದಂದೇ ಅವರ ಸಂಭಾಷಣೆಯಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಅಧಿಕಾರದಲ್ಲಿರುವವರನ್ನು ಅವರ ಮುಂದೆಯೇ ಟೀಕಿಸುವುದಕ್ಕೆ ಎದೆಗಾರಿಕೆ ಬೇಕು. ಆ ಟೀಕೆಯನ್ನು ಕೇಳಿ ಜನ ನಗುವಂತೆ ಮಾಡುವುದಕ್ಕೆ ಕಲೆಯೂ ಬೇಕು. 2019ರಲ್ಲಿ ನಿಧನರಾಗುವವರೆಗೂ ಜನ ಅವರನ್ನು ಗುರುತಿಸಿದ್ದು ರಂಗಭೂಮಿಯಿಂದಲೇ. ಚಲನಚಿತ್ರವನ್ನು ಮುಟ್ಟಿದವನೇ ಗೆದ್ದವನೆಂಬ ಅಳತೆಗೋಲು ಎಷ್ಟು ಕಿರಿದೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿಯ ಬದುಕೆಲ್ಲ ಹೊನ್ನಿನ ಕಾಲವೆಂದು ತಿಳಿಯಬಾರದು. ಹೆಸರು ಪಡೆದವರು ಕೆಲವರು, ಪಡೆಯದವರು ಅನೇಕರು. ಒಬ್ಬ ವೀರಣ್ಣನವರ ಸುತ್ತ ಎಷ್ಟೋ ಮಂದಿ ನಟರು, ವಾದ್ಯಗಾರರು, ಪರದೆ ಬರೆಯುವವರು ದುಡಿದರು. ಕಂಪನಿಗೆ ನಷ್ಟವಾದರೆ ಮೊದಲು ನಿಲ್ಲುತ್ತಿದ್ದುದು ಅವರ ಸಂಬಳ. ಬಾಲ್ಯದಲ್ಲಿ ಬಂದವರಿಗೆ ಓದು ತಪ್ಪಿತು. ಬೇರೆ ಕಸುಬು ತಿಳಿಯದು. ಹಲ್ಲು ಬಿದ್ದು ಮಾತು ತೊದಲಿದಾಗ, ಮೊಣಕಾಲು ಸೋತಾಗ, ಸಾವಿರ ಜನರನ್ನು ನಗಿಸಿದವನು ಹುಟ್ಟೂರಿನ ಜಗಲಿಯಲ್ಲಿ ಬರಿಗೈಯಲ್ಲಿ ಕುಳಿತ. ಮಹಿಳೆಯರ ಪಾಡು ಇನ್ನೂ ಕಠಿಣ. ರಂಗದ ಮೇಲೆ ಅವರನ್ನು ಮೆಚ್ಚಿದ ಸಮಾಜವೇ ರಂಗದ ಹೊರಗೆ ಅವರನ್ನು ಅನುಮಾನದಿಂದ ನೋಡಿತು. ಅಂತಹ ಕಾಲದಲ್ಲಿ, 1958ರಲ್ಲಿ, ಆರ್. ನಾಗರತ್ನಮ್ಮನವರು ಮಹಿಳೆಯರದೇ ಆದ ನಾಟಕ ಮಂಡಲಿಯನ್ನು ಕಟ್ಟಿ, ಪುರುಷಪಾತ್ರಗಳನ್ನೂ ತಾವೇ ಧರಿಸಿದ್ದು ಸಾಮಾನ್ಯ ಧೈರ್ಯವಲ್ಲ.

ಕಷ್ಟವನ್ನು ಸಹಿಸುವುದೇ ಕಲಾವಿದನ ಲಕ್ಷಣ ಎಂದು ಕೆಲವರು ಹೇಳುವುದುಂಟು. ಇದು ಕೇಳಲು ಇಂಪಾದರೂ ನ್ಯಾಯವಾದ ಮಾತಲ್ಲ. ಶಿಸ್ತು ಕಲೆಗೆ ಅಗತ್ಯ, ಹಸಿವು ಅಗತ್ಯವಲ್ಲ. ಇದನ್ನು ಸ್ವತಃ ವೀರಣ್ಣನವರೇ ಅರಿತಿದ್ದರು. ದಕ್ಷಿಣ ಕನ್ನಡದಿಂದ ಮನೆಬಿಟ್ಟು ಬಂದು ಕಂಪನಿ ಸೇರಿದ್ದ ಒಬ್ಬ ಹುಡುಗನನ್ನು ಅವರು ಉನ್ನತ ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳುಹಿಸಿದರು. ಆ ಹುಡುಗನೇ ಬಿ. ವಿ. ಕಾರಂತರು. ಮುಂದೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿ ಬೆಳೆಸಿದರು. ತಾಲೀಮಿನ ಜೊತೆಗೆ ಓದು ಸೇರಿದರೆ ಕಂಪನಿಯ ಹುಡುಗನೊಬ್ಬ ಎಲ್ಲಿಯವರೆಗೆ ನಡೆಯಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಅಂತಹ ಅವಕಾಶ ಒಬ್ಬರಿಗಲ್ಲದೆ ಎಲ್ಲರಿಗೂ ದೊರೆತಿದ್ದರೆ ನಾಡು ಇನ್ನೆಷ್ಟು ಕಲಾವಿದರನ್ನು ಕಾಣುತ್ತಿತ್ತೋ!

ಈಗ ಕಾಲ ಬದಲಾಗಿದೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ 'ತಿರುಗಾಟ' 1985ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಅಲ್ಲಿ ನಟರಿಗೆ ತರಬೇತಿಯ ಶಾಲೆಯೂ ಉಂಟು. ವೃದ್ಧ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಬನದ ಹುಣ್ಣಿಮೆಗೆ ಆರಂಭವಾಗುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳ ಡೇರೆಗಳು ಏಳುತ್ತವೆ. ಜನ ಬಂದು ನಕ್ಕು ಹೋಗುತ್ತಾರೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಮಾಸಾಶನವು ಮುಪ್ಪಿಗೆ ಒದಗುವ ನೆರವು. ದುಡಿಯುವ ವಯಸ್ಸಿನಲ್ಲಿ ಸಲ್ಲಬೇಕಾದ ನಿಯತ ಸಂಬಳ, ಮಕ್ಕಳಿಗೆ ಓದು, ಕಾಯಿಲೆಗೆ ಚಿಕಿತ್ಸೆ, ಇವು ಯಾವ ಕಸುಬಿನವನಿಗೂ ಸಲ್ಲುವ ಹಕ್ಕುಗಳು. ನಟನ ಕೆಲಸವೂ ಕಸುಬೇ ಎಂದು ಸಮಾಜ ಒಪ್ಪಿದಾಗ ಮಾತ್ರ ಅವು ದೊರೆತಾವು.

ದುಡಿದು ದಣಿದ ಜನ ಹಗಲಿನ ಚಿಂತೆಯನ್ನು ಮರೆತು ನಗುವುದು ಸಣ್ಣ ಸಂಗತಿಯಲ್ಲ. ಆ ನಗುವನ್ನು ಹಂಚಿದವನು ಟಿಕೆಟ್ಟಿನ ಬೆಲೆಯನ್ನಷ್ಟೇ ಪಡೆದುಕೊಂಡ. ಉಳಿದುದು ನಕ್ಕವರ ಮೇಲಿನ ಋಣ. ಚಪ್ಪಾಳೆಯಿಂದ ಆ ಋಣದ ಬಡ್ಡಿ ತೀರಬಹುದು. ಅಸಲು ತೀರಬೇಕಾದರೆ ನಗಿಸಿದವನ ಬಾಳೂ ಹಸನಾಗಬೇಕು.